ಹೆಡ್‌ಲೈಟೂ ಎರಡನೇ ಮಹಡಿಗಳೂ

ನನ್ನ ಮೋಟಾರ್ ಸೈಕಲ್ಲಿನ ಹಳೆಯ ಹೆಡ್‌ಲೈಟಿನ ಬಗ್ಗೆ ನಾನು ಎಂದೂ ಕೆಟ್ಟ ಮಾತು ಆಡಿದವನಲ್ಲ. ಅದು ಉರಿಯುತ್ತಿತ್ತು. ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಗಾಜಿನ ಮೇಲೆ ಅಂಗೈ ಇಟ್ಟು ನೋಡಬೇಕಾಗಿತ್ತು. ಬೆಚ್ಚಗಿದ್ದರೆ ಉರಿಯುತ್ತಿದೆ ಎಂದು ಅರ್ಥ. ರಸ್ತೆ ತೋರಿಸುವುದು ಅದರ ಸ್ವಭಾವದಲ್ಲಿ ಇರಲಿಲ್ಲ, ಅಷ್ಟೆ. ಎಲ್ಲರಲ್ಲಿಯೂ ಎಲ್ಲ ಗುಣವೂ ಇರಲಿ ಎಂದು ಬಯಸುವುದು ತಪ್ಪು.

ನಾನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅಳತೆ ನೋಡುವವನು. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಪಟ್ಟಿಯಲ್ಲಿ ಬರೆದಷ್ಟೇ ಇದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಸಂಜೆ ಏಳಕ್ಕೆ ಬಿಡುಗಡೆ. ಅಲ್ಲಿಂದ ಊರಿನ ತನಕ ಮೂರು ಮೈಲಿ ರಸ್ತೆಗೆ ಒಂದು ಕಂಬದ ದೀಪವೂ ಇಲ್ಲ. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಒಳ್ಳೆಯ ದೀಪವಿರುವ ವಾಹನವೊಂದು ಬರುವವರೆಗೆ ಗೇಟಿನ ಬಳಿ ಕಾಯುವುದು. ಬಂದೊಡನೆ ಅದರ ಹಿಂದಿನ ಕೆಂಪು ದೀಪವನ್ನು ನಂಬಿ ಹೊರಡುವುದು. ಮುಂದಿನವನು ಎಡಕ್ಕೆ ವಾಲಿದರೆ ನಾನೂ ಎಡಕ್ಕೆ. ಅವನು ನಿಂತರೆ ನಾನೂ ನಿಂತೆ. ಬಹಳ ದೊಡ್ಡ ಮನುಷ್ಯರು ಜೀವನವನ್ನೇ ಹೀಗೆ ಸಾಗಿಸಿದ್ದಾರೆ, ಅವರನ್ನು ಯಾರೂ ಕೇಳಿಲ್ಲ.

ಹಿಂದಿನ ಸೀಟಿನಲ್ಲಿ ಭಾವ ಇರುತ್ತಿದ್ದರು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಅದೇ ಕಾರ್ಖಾನೆಯಲ್ಲಿ ಮಾಲು ಕಳಿಸುವ ವಿಭಾಗದವರು, ನಮ್ಮ ಬೀದಿಯದೇ ಕೊನೆಯ ಮನೆ. ಅವರ ತೂಕ ಎಷ್ಟೆಂದು ನಾನು ಹೇಳುವುದಿಲ್ಲ. ಹೆಣ್ಣು ಕೊಟ್ಟ ಮನೆಯ ಮರ್ಯಾದೆ ಕಾಯುವವನು ನಾನು. ಮೂರು ತಿಂಗಳಿಂದ ಅವರು ಮೈ ಇಳಿಸುವ ವ್ರತದಲ್ಲಿದ್ದರು. "ಎಂಟು ಕಿಲೋ ಇಳಿಸಿದೀನಿ" ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. "ಎಲ್ಲಿ ಇಳಿಸಿದ್ದು ಅಂತ ಹೇಳಣ್ಣ, ಯಾರಾದ್ರೂ ಮರೆತು ಹೋಗಿದ್ದಾರೆ ಅಂತ ತಂದುಕೊಟ್ಟಾರು" ಎನ್ನುವಳು ನನ್ನಾಕೆ.

ಒಂದು ಸಂಜೆ ಬಿಳಿ ಕಾರೊಂದು ಸಿಕ್ಕಿತು. ಎಷ್ಟು ಚೆನ್ನಾದ ಕೆಂಪು ದೀಪ! ಕಾರು ಬಲಕ್ಕೆ ತಿರುಗಿತು, ನಾನೂ ತಿರುಗಿದೆ. ಎಡಕ್ಕೆ ತಿರುಗಿತು, ನಾನೂ ತಿರುಗಿದೆ. ನಿಧಾನವಾಯಿತು, ನಿಂತಿತು. ನಾನೂ ನಿಂತು, ಸ್ಟ್ಯಾಂಡ್ ಹಾಕಿ ನೋಡಿದರೆ ಮುಂದೆ ತುಳಸಿಯಷ್ಟೇ ಎತ್ತರದ ಗಿಡಗಳ ಸಾಲು, ಪಕ್ಕದಲ್ಲಿ ಹಗ್ಗದ ಮೇಲೆ ಯಾರದೋ ಟವೆಲ್ಲು. ಕಾರು ತನ್ನ ಮನೆಯ ಅಂಗಳಕ್ಕೆ ಬಂದಿತ್ತು. ಜೊತೆಗೆ ನಾವೂ.

ಭಾವ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಕೂರುವವರು. "ಮನೆ ಬಂತಾ?" ಎಂದರು.

"ಬಂತು ಭಾವ. ಆದ್ರೆ ನಮ್ಮದಲ್ಲ."

ಕಾರಿನಿಂದ ಇಳಿದವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕೂಗಿದರು: "ಯಾರ್ರೀ ನೀವು? ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಕಳಿಸಿಲ್ಲ ಸಾರ್. ನಿಮ್ಮ ಹಿಂದಿನ ದೀಪ ತುಂಬಾ ಚೆನ್ನಾಗಿತ್ತು."

ಸತ್ಯ ಹೇಳಿದವನಿಗೆ ಲೋಕ ಎಂದೂ ನೀರು ಕೊಟ್ಟಿಲ್ಲ. ನಾಯಿ ಬಿಟ್ಟರು. ಮೂರು ತಿರುವು ದಾಟಿದ ಮೇಲೆ ಭಾವ ಕಣ್ಣು ತೆರೆದು ಹೇಳಿದರು: "ನೋಡಿ ಸ್ವಾಮಿ, ನೀವು ದೀಪ ಬದಲಾಯಿಸ್ತೀರೋ, ಇಲ್ಲಾ ನಾನು ತಂಗೀನ ವಾಪಸ್ ಕರ್ಕೊಂಡು ಹೋಗ್ಲೋ?"

ಬದಲಾಯಿಸಿದೆ.

ಮೆಕ್ಯಾನಿಕ್ ತನ್ನ ಕೆಲಸವನ್ನು ಪ್ರೀತಿಸುವ ಮನುಷ್ಯ. ಹೊಸ ಎಲ್‌ಇಡಿ ದೀಪವನ್ನು ಹತ್ತಿಯ ಮೇಲಿಟ್ಟ ಒಡವೆಯಂತೆ ತೋರಿಸಿದ. "ಇದು ಹಾಕಿದ್ರೆ ಸಾರ್, ರಾತ್ರಿ ಹಗಲಾಗುತ್ತೆ."

"ಹಗಲು ಬೇಡಪ್ಪ. ಸಂಜೆ ಆರೂವರೆ ಆದ್ರೆ ಸಾಕು."

"ಹಿಂದಿನ ಶಾಕ್ ಅಬ್ಸಾರ್ಬರೂ ಸತ್ತಿದೆ ಸಾರ್. ಸ್ಪ್ರಿಂಗೇ ಇಲ್ಲ. ಅದನ್ನೂ ಹಾಕಿಬಿಡ್ಲಾ?"

"ಒಂದೊಂದೇ ಆಗಲಿ. ಎಲ್ಲವೂ ಒಟ್ಟಿಗೆ ಹೊಸದಾದರೆ ನನಗೆ ಗಾಬರಿಯಾಗುತ್ತೆ."

ದೀಪ ಕೂರಿಸಿದ ಮೇಲೆ ಗುರಿ ಹೊಂದಿಸಬೇಕಂತೆ. ಇದು ನನಗೆ ಬಹಳ ಹಿಡಿಸಿತು, ಯಾಕೆಂದರೆ ಅದರಲ್ಲಿ ಅಳತೆ ಇತ್ತು. ಎದುರಿನ ಗೋಡೆಯ ಮೇಲೆ ದೀಪದಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಬೆಳಕಿನ ಮೇಲಂಚು ಗೆರೆಗಿಂತ ಎರಡು ಬೆರಳು ಕೆಳಗೆ ಬೀಳಬೇಕು.

"ಓಡ್ಸೋರು ಯಾರು ಸಾರ್?"

"ನಾನೇ."

"ಹಾಗಾದ್ರೆ ನೀವು ಹತ್ತಿ ಕೂತ್ಕೊಳ್ಳಿ. ಮಾಮೂಲಾಗಿ ಹೇಗೆ ಕೂರ್ತೀರೋ ಹಾಗೆ. ಉಸಿರು ಹಿಡೀಬೇಡಿ."

ಕೂತೆ. ಊಟದ ಡಬ್ಬಿ ಸೇರಿಸಿ ನಾನು ಐವತ್ತೆರಡು ಕಿಲೋ. ಡಬ್ಬಿಯನ್ನೂ ಹೆಗಲಿಗೆ ಹಾಕಿಕೊಂಡೇ ಕೂತೆ. ಕೆಲಸ ಅಂದ ಮೇಲೆ ನಿಖರವಾಗಿರಬೇಕು. ಮೆಕ್ಯಾನಿಕ್ ತಿರುಪು ತಿರುಗಿಸಿದ, ಬೆಳಕು ಎರಡು ಬೆರಳು ಕೆಳಗೆ ಬಂದು ಕೂತಿತು. ನಾನು ನನ್ನ ಪಟ್ಟಿಯಿಂದ ಅಳೆದೂ ನೋಡಿದೆ. ಮನೆಗೆ ಬಂದು, ಕಾಂಪೌಂಡ್ ಗೋಡೆಯ ಮೇಲೆ ಅಂಥದ್ದೇ ಗೆರೆ ಎಳೆದು, ಪ್ರತಿ ಸಂಜೆ ಭಾವನನ್ನು ಅವರ ಮನೆಗೆ ಬಿಟ್ಟು ಬಂದ ಮೇಲೆ ಒಮ್ಮೆ ಪರೀಕ್ಷಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಒಂದು ದಿನವೂ ಒಂದು ಕೂದಲಿನಷ್ಟೂ ವ್ಯತ್ಯಾಸ ಬರಲಿಲ್ಲ.

ಒಂದೇ ಒಂದು ಅನುಮಾನ. ಭಾವನ ಜೊತೆ ಬರುವಾಗ ರಸ್ತೆ ಮೊದಲಿನಷ್ಟೇ ಕತ್ತಲಾಗಿ ಕಾಣುತ್ತಿತ್ತು. ಇದಕ್ಕೆ ನಾನು ದೀಪವನ್ನು ದೂರಲಿಲ್ಲ. ಅಳತೆ ಸರಿಯಿದ್ದ ಮೇಲೆ ತಪ್ಪು ನನ್ನ ಕಣ್ಣಿನದೇ ಇರಬೇಕು ಎಂದು ಕಣ್ಣಿನ ಡಾಕ್ಟರ ಬಳಿ ಹೋದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿಸಿ, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ, ಎದ್ದೇಳಿ" ಎಂದರು. ಅವರ ದನಿಯಲ್ಲಿ ಅಸೂಯೆ ಇತ್ತು.

ಇನ್ನು ನಮ್ಮ ಬೀದಿಯ ವಿಷಯ. ನಾವು ಬಾಡಿಗೆಗಿದ್ದ ಮನೆಗೆ ನಗರಸಭೆ ಒಪ್ಪಿದ ನಕ್ಷೆಯಲ್ಲಿ ನೆಲಮಹಡಿ ಮತ್ತು ಮೊದಲನೇ ಮಹಡಿ ಮಾತ್ರ ಇವೆ. ಅದರ ಮೇಲೆ ಆಕಾಶ. ಆ ಆಕಾಶದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಮಾಡಿ ಓನರ್ರು ನಮಗೆ ಕೊಟ್ಟಿದ್ದರು. ನಾಲ್ಕು ವರ್ಷದಿಂದ ಅಲ್ಲಿ ಸುಖವಾಗಿದ್ದೆವು. ಗಾಳಿ ಚೆನ್ನಾಗಿತ್ತು, ನಕ್ಷೆಯಲ್ಲಿ ಇಲ್ಲದ ಮನೆಗಳಲ್ಲಿ ಗಾಳಿ ಯಾವಾಗಲೂ ಚೆನ್ನಾಗಿರುತ್ತದೆ. ನಾವೊಬ್ಬರೇ ಅಲ್ಲ, ಬೀದಿಯ ಎಲ್ಲ ಮನೆಗಳೂ ಹೀಗೆಯೇ ರಾತ್ರೋರಾತ್ರಿ ಒಂದೊಂದು ಗೇಣು ಬೆಳೆದು ಎರಡನೇ ಮಹಡಿ ಮುಟ್ಟಿದ್ದವು. ಎದುರು ಮನೆಯ ಟೈಲರಮ್ಮನ ಆಕಾಶದಲ್ಲಿ ಆರು ಹೊಲಿಗೆ ಯಂತ್ರಗಳಿದ್ದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಆಕಾಶದಲ್ಲಿ ಅವರೇ ಇದ್ದರು. ಅವರು ದಿನಕ್ಕೊಂದು ಅರ್ಜಿ ಬರೆಯುತ್ತಿದ್ದುದರಿಂದ ಬೀದಿಗೆಲ್ಲ ಅವರು ಅರ್ಜಿ ಮೇಷ್ಟ್ರು.

ಹೊಸ ದೀಪ ಬಂದ ಮೂರನೇ ದಿನ ನಾನು ಮೆಟ್ಟಿಲು ಹತ್ತುತ್ತಿದ್ದಾಗ ಟೈಲರಮ್ಮ ಓನರ್ರ ಎದುರು ನಿಂತು ಎದೆ ಮುಟ್ಟಿಕೊಳ್ಳುತ್ತಿದ್ದರು.

"ಏಳೂವರೆ ಆಗಿತ್ತು ಅಣ್ಣಾ. ಸೂಜಿಗೆ ದಾರ ಪೋಣಿಸ್ತಾ ಇದ್ದೆ. ಫಳ್ ಅಂತ ಕಿಟಕೀಲಿ ಬೆಳಕು! ಗೋಡೆ ಆ ಕಡೆಯಿಂದ ಈ ಕಡೆಗೆ ಸವರಿಕೊಂಡು ಹೋಯ್ತು. ಯಾರೋ ಅಳೆದ ಹಾಗೆ."

"ಮಿಂಚಿರಬೇಕಮ್ಮ," ಎಂದರು ಓನರ್ರು.

"ಮಿಂಚು ಮೂರು ದಿನದಿಂದ ಏಳೂವರೆಗೇ ಬರುತ್ತಾ?"

ಅರ್ಜಿ ಮೇಷ್ಟ್ರು ತಮ್ಮ ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು. "ನನಗೂ ಬಿತ್ತು. ನೆಲಮಹಡಿಗೆ ಬಿದ್ದಿಲ್ಲ. ಮೊದಲನೇ ಮಹಡಿಗೂ ಬಿದ್ದಿಲ್ಲ. ಎರಡನೆಯದಕ್ಕೆ ಮಾತ್ರ. ಇದರ ಅರ್ಥ ಏನು? ಸರ್ವೆ. ನಗರಸಭೆಯವರು ದೂರದಿಂದ ಬೆಳಕು ಬಿಟ್ಟು ಎಣಿಸ್ತಾ ಇದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಬೀದಿಯಲ್ಲಿ ಆ ಸಂಜೆ ಎಲ್ಲರೂ ತಲೆಯೆತ್ತಿ ತಮ್ಮ ತಮ್ಮ ಎರಡನೇ ಮಹಡಿ ನೋಡಿಕೊಂಡರು. ನಾನೂ ನೋಡಿದೆ. ಅಲ್ಲಿ ನನ್ನ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು.

ಓನರ್ರು ನನ್ನ ಕಡೆ ತಿರುಗಿದರು. "ನೀವು ದಿನಾ ಅದೇ ಹೊತ್ತಿಗೆ ಗಾಡೀಲಿ ಬರ್ತೀರಲ್ಲ, ಏನೂ ಕಾಣಲಿಲ್ವಾ?"

ನಾನು ಪ್ರಾಮಾಣಿಕವಾಗಿ ಹೇಳಿದೆ: "ಏನೂ ಕಾಣಲ್ಲ ಸಾರ್. ರಸ್ತೆಯೇ ಕಾಣಲ್ಲ. ಒಂದು ಮಾತ್ರ ಗಮನಿಸಿದೀನಿ. ನಾನು ಬರೋ ಹೊತ್ತಿಗೆ ಎಲ್ಲರೂ ಕಿಟಕಿ ಬಾಗಿಲು ಹಾಕಿಕೊಂಡು ಒಳಗಿರ್ತಾರೆ. ನಮ್ಮ ಬೀದಿ ತುಂಬಾ ಶಿಸ್ತಿನದು."

ಮುಂದಿನ ಒಂದು ವಾರದಲ್ಲಿ ನಮ್ಮ ಬೀದಿಯ ಎರಡನೇ ಮಹಡಿಗಳು ಇಲ್ಲವಾಗಲು ಪಟ್ಟ ಪಾಡನ್ನು ವಿವರವಾಗಿ ಬರೆಯಬೇಕು, ಯಾಕೆಂದರೆ ಅದನ್ನು ಇನ್ನಾರೂ ಬರೆದಿಡುವುದಿಲ್ಲ. ಟೈಲರಮ್ಮ ಹೊಲಿಗೆ ಕೋಣೆಗೆ ಇಡಿಯಾಗಿ ಹಸಿರು ಬಟ್ಟೆ ಹೊದಿಸಿದರು, ದೂರದಿಂದ ಮರದಂತೆ ಕಾಣಲಿ ಎಂದು. ಅದು ದೂರದಿಂದಲೂ ಹತ್ತಿರದಿಂದಲೂ ಮದುವೆಗೆ ಹೊರಟ ಕೋಣೆಯಂತೆ ಕಾಣುತ್ತಿತ್ತು. ಅರ್ಜಿ ಮೇಷ್ಟ್ರು ಕಾನೂನು ಓದಿಕೊಂಡವರು. ಮೆಟ್ಟಿಲಿಲ್ಲದ ಮಹಡಿ ಮಹಡಿಯೇ ಅಲ್ಲ ಎಂದು ತರ್ಕಿಸಿ, ಬಡಗಿಯನ್ನು ಕರೆಸಿ ಮರದ ಮೆಟ್ಟಿಲನ್ನು ಬಿಚ್ಚಿಸಿ ಕಳಿಸಿಬಿಟ್ಟರು. ಬಡಗಿ ಹೋದ ಮೇಲೆ ನೋಡಿದರೆ ಅವರು ಮೇಲೆಯೇ ಉಳಿದಿದ್ದರು. ಅಂದಿನಿಂದ ಅವರ ಊಟ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಹೋಗುತ್ತಿತ್ತು, ಅರ್ಜಿಗಳು ಅದೇ ಬುಟ್ಟಿಯಲ್ಲಿ ಕೆಳಗೆ ಬರುತ್ತಿದ್ದವು.

ನಮ್ಮ ಓನರ್ರು ನೀಲಿ ಬಣ್ಣದ ಡಬ್ಬಿ ಹಿಡಿದು ಮೇಲೆ ಬಂದು, ನಮ್ಮ ಮುಂಗೋಡೆಯ ಮೇಲೆ ಆಳುದ್ದದ ಅಕ್ಷರದಲ್ಲಿ 'ನೀರಿನ ಟ್ಯಾಂಕ್' ಎಂದು ಬರೆದರು.

ನನ್ನಾಕೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು ಓದಿದಳು. "ಟ್ಯಾಂಕಿಗೆ ಕಿಟಕಿ ಯಾಕೆ ಅಂತ ಯಾರಾದ್ರೂ ಕೇಳಿದ್ರೆ?"

"ನೀರಿಗೆ ಗಾಳಿ ಬೇಡ್ವೇನಮ್ಮ?" ಎಂದರು ಓನರ್ರು. "ಸಂಜೆ ಏಳರ ಮೇಲೆ ದೀಪ ಹಾಕ್ಬೇಡಿ. ಪಾತ್ರೆ ಸದ್ದು ಮಾಡ್ಬೇಡಿ."

"ಸರಿ. ಆಗಾಗ ಗುಳುಗುಳು ಅಂತೀವಿ."

ಆದರೆ ಬೆಳಕು ನಿಲ್ಲಲಿಲ್ಲ. ಅಕ್ಷರ ಬರೆದ ಸಂಜೆಯೇ ಅದು ಬಂದು ನೇರ 'ನೀರಿನ ಟ್ಯಾಂಕ್' ಮೇಲೆ ನಿಂತು, ನಿಧಾನವಾಗಿ ಓದಿದಂತೆ ಮಾಡಿ ಹೋಯಿತಂತೆ. ಓನರ್ರು ಒಂದು ದಿನ ಬಿಟ್ಟು ಬೆಳಿಗ್ಗೆ ನನ್ನನ್ನು ಕರೆದು, ನೆಲ ನೋಡುತ್ತ ಹೇಳಿದರು:

"ನಿಮ್ಮಂಥ ಬಾಡಿಗೆದಾರರು ನನಗೆ ಸಿಗಲ್ಲ. ಆದ್ರೆ ಅವರು ಬಂದು ಒಡೆದ್ರೆ ಕೆಳಗಿನ ಮಹಡೀನೂ ಬಿರುಕು ಬಿಡುತ್ತೆ. ನಾನೇ ಒಡೆಸಿಬಿಟ್ರೆ ಮೇಲಿನದು ಮಾತ್ರ ಹೋಗುತ್ತೆ. ಭಾನುವಾರ ಬೆಳಿಗ್ಗೆ ಒಡೆಯೋರು ಬರ್ತಾರೆ. ಅಷ್ಟರಲ್ಲಿ ಖಾಲಿ ಮಾಡಿ."

"ಇವತ್ತು ಸೋಮವಾರ ಸಾರ್."

"ಅದಕ್ಕೇ ಈಗಲೇ ಹೇಳಿದ್ದು."

ನಾಲ್ಕು ವರ್ಷದ ಮನೆ. ಅಡುಗೆಮನೆಯ ಗೂಡುಗಳನ್ನು ನಾನೇ ಅಳತೆ ಮಾಡಿ ರಟ್ಟಿನಲ್ಲಿ ಮಾಡಿದ್ದೆ. ಸಂಬಳಕ್ಕೆ ಹೊಂದುವ ಇನ್ನೊಂದು ಆಕಾಶ ಆರು ದಿನದಲ್ಲಿ ಎಲ್ಲಿ ಸಿಗುತ್ತದೆ? ನನ್ನಾಕೆ ಅಟ್ಟದ ಮೇಲಿನ ಟ್ರಂಕು ಇಳಿಸಿ, ಧೂಳು ಒರೆಸಿ, ಮುಚ್ಚಳ ತೆರೆದು ಬಾಗಿಲ ಬಳಿ ಇಟ್ಟಳು. ಆ ತೆರೆದ ಟ್ರಂಕು ನೋಡಿದ ಮೇಲೆ ನಾನು ಆ ಬೆಳಕನ್ನು ಕಂಡುಹಿಡಿದೇ ತೀರುತ್ತೇನೆಂದು ನಿಶ್ಚಯಿಸಿದೆ. ಬೀದಿಯವರೂ ಒಪ್ಪಿದರು. "ನಿಮ್ಮ ಗಾಡಿಗೆ ಒಳ್ಳೇ ದೀಪ ಇದೆಯಲ್ಲ, ನೀವೇ ಸರಿ" ಎಂದರು.

ನನ್ನದು ಲೆಕ್ಕಾಚಾರದ ತಲೆ. ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ ಹಾಕಿದೆ. ಸೋಮವಾರ, ಬೆಳಕು ಬಂತು. ಮಂಗಳವಾರ ಬಂತು. ಬುಧವಾರ ಬರಲಿಲ್ಲ. ಗುರುವಾರ ಬಂತು. ಬುಧವಾರ ಏನು ವಿಶೇಷ? ಬಹಳ ಯೋಚಿಸಿದೆ. ಬುಧವಾರ ಭಾವ ಹಲ್ಲು ಕೀಳಿಸಲು ರಜೆ ಹಾಕಿದ್ದರು. ನಾನೊಬ್ಬನೇ ಬಂದಿದ್ದೆ.

ಅಂದರೆ ಭಾವ ಬಂದ ದಿನ ಬೆಳಕು ಬರುತ್ತದೆ. ಭಾವ ಬರದಿದ್ದರೆ ಬರುವುದಿಲ್ಲ.

ಓದುಗರಿಗೆ ಈಗಾಗಲೇ ಬೇರೇನೋ ಹೊಳೆದಿರಬಹುದು. ನನಗೆ ಹೊಳೆದದ್ದು ಇಷ್ಟೆ: ಭಾವ ನಗರಸಭೆಯ ಗೂಢಚಾರ. ಕಾರ್ಖಾನೆಯಿಂದ ಹೊರಡುವಾಗ ಯಾರಿಗೋ ಸುದ್ದಿ ಕೊಡುತ್ತಾರೆ, ಅವರು ಬೆಳಕು ಬಿಡುತ್ತಾರೆ. ಶುಕ್ರವಾರ ಗಾಡಿಯ ಮೇಲೆ ಮೆಲ್ಲನೆ ಕೇಳಿದೆ:

"ಭಾವ, ನಗರಸಭೇಲಿ ನಿಮಗೆ ಯಾರಾದ್ರೂ ಗೊತ್ತಾ?"

"ಯಾಕೆ?"

"ಸುಮ್ನೆ."

"ನೀವು ಸುಮ್ನೆ ಅಂದ್ರೆ ನನಗೆ ಭಯ ಆಗುತ್ತೆ ಸ್ವಾಮಿ. ಮುಂದೆ ನೋಡಿ ಓಡಿಸಿ."

ಭಯ ಆಗುತ್ತದಂತೆ! ತಪ್ಪಿತಸ್ಥನ ಲಕ್ಷಣ. ಮನೆಗೆ ಬಂದು ಬಾಗಿಲು ಹಾಕಿ, ಕತ್ತಲಲ್ಲೇ ಹೆಂಡತಿಗೆ ಹೇಳಿದೆ. "ಗಟ್ಟಿ ಮನಸ್ಸು ಮಾಡ್ಕೋ. ನಿಮ್ಮಣ್ಣ..."

ಅವಳು ಟ್ರಂಕಿಗೆ ಸೀರೆ ಜೋಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು. "ರೀ, ಇವತ್ತು ನಾನು ಟೆರೇಸಿನ ಮೇಲೆ ನಿಂತು ನೋಡಿದೆ. ಆ ಬೆಳಕಿಗೆ ಕೆಮ್ಮು ಇದೆ."

"ಕೆಮ್ಮು?"

"ಮೂಲೇಲಿ ಹಂಪ್ ಹತ್ತಿದ ಮೇಲೆ ಎರಡು ಸಲ ಕೆಮ್ಮುತ್ತೆ. ಹತ್ತು ವರ್ಷದಿಂದ ಆ ಕೆಮ್ಮು ಕೇಳ್ತಾ ಇದೀನಿ. ನಮ್ಮ ಗಾಡೀದೇ."

ನಾನು ನಕ್ಕೆ. ಅವಳನ್ನು ಕೆಳಗೆ ಕರೆದುಕೊಂಡು ಹೋಗಿ, ಗಾಡಿ ಹತ್ತಿ, ದೀಪ ಹಾಕಿ, ಗೋಡೆಯ ಗೆರೆ ತೋರಿಸಿದೆ. "ನೋಡು. ಎರಡು ಬೆರಳು ಕೆಳಗೆ. ಬೇಕಾದ್ರೆ ಅಳೆ."

ಅವಳು ಗೆರೆಯನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದಿನ ಖಾಲಿ ಸೀಟನ್ನು ನೋಡಿದಳು. "ಅಣ್ಣನ್ನ ಕೂರಿಸಿ ಅಳೆದಿದೀರಾ?"

ನಾನು ಕೈ ಹಿಂದಕ್ಕೆ ಚಾಚಿ ಆ ಸೀಟನ್ನು ಒತ್ತಿದೆ, ಬೆಳಕು ಗೆರೆಯನ್ನು ದಾಟಿತು. ಕೊನೆಗೆ ಅವಳೇ ಬಂದು ದೀಪ ಆರಿಸಿದಳು.

ಶನಿವಾರ ಕತ್ತಲಾಗುತ್ತಲೇ ಭಾವನನ್ನು ಕರೆದುಕೊಂಡು, ಬೀದಿಯ ತುದಿಯಲ್ಲೇ ದೀಪ ಆರಿಸಿ ಬಂದೆ. ಹಂಪಿನ ಬಳಿ ಬೀದಿಗೆ ಬೀದಿಯೇ ಸೇರಿತ್ತು. ನಡುವೆ ಕೈಯಲ್ಲಿ ಕಾಗದ ಹಿಡಿದು ಬೆವರು ಒರೆಸುತ್ತಿದ್ದವರು ಸಾಕ್ಷಾತ್ ನಗರಸಭೆಯ ಇಂಜಿನಿಯರ್. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತಂತೆ; ಇವರು ಬುಟ್ಟಿಯಲ್ಲಿ ಇಳಿದ ಅರ್ಜಿ ಹಿಡಿದು ಬಂದಿದ್ದರು.

"ರಾತ್ರಿ ಹೊತ್ತು ಸರ್ವೆ ಯಾಕೆ ಮಾಡ್ತೀರಿ ಅಂತ ಬರೆದಿದೀರಲ್ಲ," ಎಂದು ಅವರು ಮೇಲೆ ನೋಡಿ ಕೂಗಿದರು. "ಹಗಲು ಸರ್ವೆ ಮಾಡೋಕೇ ನಮ್ಮಲ್ಲಿ ಜನ ಇಲ್ಲ ಸ್ವಾಮಿ!"

"ಹಾಗಾದ್ರೆ ಬೆಳಕು ಯಾರದು? ಲಿಖಿತ ಉತ್ತರ ಬೇಕು!" ಕತ್ತಲಲ್ಲಿ ಅರ್ಜಿ ಮೇಷ್ಟ್ರ ದನಿ.

ನಾನು ಮುಂದೆ ಬಂದೆ. ಸ್ಪಷ್ಟವಾಗಿ ಹೇಳಿದೆ. "ಬೆಳಕು ನಂದು."

ಯಾರೂ ಬೆಚ್ಚಲಿಲ್ಲ. ಓನರ್ರು ಮರುಕದಿಂದ ನನ್ನ ಭುಜ ತಟ್ಟಿದರು. "ಗೊತ್ತಾಗುತ್ತೆ. ನಾಳೆ ಮನೆ ಹೋಗುತ್ತಲ್ಲ, ಅದಕ್ಕೇ ಏನೇನೋ ಹೇಳ್ತಿದೀರಿ. ಹೋಗಿ, ನೀರು ಕುಡೀರಿ."

"ತೋರಿಸ್ತೀನಿ ಸಾರ್!" ಎಂದು ಗಾಡಿಯ ಮುಂದಿನ ಚಕ್ರವನ್ನು ಹಂಪಿನ ಮೇಲಿಟ್ಟು, ಹತ್ತಿ ಕೂತು, ದೀಪ ಹಾಕಿದೆ. ಬೆಳಕು ಗುಂಪಿನ ಕಾಲುಗಳ ಮೇಲೆ ಬಿತ್ತು. ಇಪ್ಪತ್ತು ಜೊತೆ ಚಪ್ಪಲಿ, ಒಂದು ಜೊತೆ ಬೂಟು.

"ಇದರಲ್ಲಿ ಮಹಡಿ ಎಲ್ಲಿದೆ?" ಎಂದರು ಬೂಟಿನವರು.

"ಭಾವ, ಹತ್ತಿ ಕೂತ್ಕೊಳ್ಳಿ."

ಭಾವ ಒಂದು ಹೆಜ್ಜೆ ಹಿಂದೆ ಸರಿದರು. "ನಾನ್ಯಾಕೆ?"

"ನೀವು ಕೂತ್ರೆ ಹಿಂದಿನದು ತಗ್ಗುತ್ತೆ. ಮುಂದಿನದು ಎದ್ದು..."

"ಏನು? ಏನಂದ್ರಿ?" ಭಾವನ ದನಿ ಏರಿತು. "ನನ್ನ ತೂಕಕ್ಕೆ ಬೆಳಕು ಮಹಡಿ ಹತ್ತುತ್ತೆ ಅಂತೀರಾ? ಬೀದಿ ಎದುರಿಗೆ? ಎಂಟು ಕಿಲೋ ಇಳಿಸಿದೀನ್ರೀ ನಾನು! ಮೂರು ತಿಂಗಳು ಬರೀ ಸೌತೆಕಾಯಿ ತಿಂದಿದೀನಿ!"

"ಅದಕ್ಕೇ ಎರಡನೇ ಮಹಡಿ ಭಾವ. ಮೊದಲು ಆಗಿದ್ರೆ ಚಂದ್ರನಿಗೇ ಬೀಳ್ತಿತ್ತು."

ಇದನ್ನು ನಾನು ಸಮಾಧಾನಕ್ಕೆ ಹೇಳಿದ್ದು. ಅವರು ಹಾಗೆ ತೆಗೆದುಕೊಳ್ಳಲಿಲ್ಲ. ತಿರುಗಿ ಹೊರಟೇಬಿಟ್ಟರು. ಆಗ ಮೇಲಿನ ಕತ್ತಲಿನಿಂದ, ಟ್ಯಾಂಕಿನ ದಿಕ್ಕಿನಿಂದ, ನನ್ನಾಕೆಯ ದನಿ ಇಳಿದು ಬಂತು.

"ಅಣ್ಣಾ! ನಾಳೆ ಮನೆ ಒಡೆದ್ರೆ ನಾವು, ನಮ್ಮ ಟ್ರಂಕು, ಈ ಗಾಡಿ, ಎಲ್ಲಾ ನಿನ್ನ ಮನೆಗೇ ಬರೋದು. ನಿನಗೆ ಅಡುಗೆ ನಾನೇ ಮಾಡೋದು. ಅಳತೆ ಮಾಡಿ ಬಡಿಸ್ತಾರೆ ನಮ್ಮ ಯಜಮಾನ್ರು. ಯೋಚನೆ ಮಾಡು."

ಭಾವ ಯೋಚನೆ ಮಾಡಿದರು. ಬಂದರು. ಉಸಿರು ಒಳಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಹತ್ತಿ ಕೂತರು.

ಗಾಡಿ ನಿಟ್ಟುಸಿರಿಟ್ಟಿತು. ಬೆಳಕು ಚಪ್ಪಲಿಗಳನ್ನು ಬಿಟ್ಟು ಮೊಣಕಾಲಿಗೆ ಬಂತು. ಗೇಟುಗಳನ್ನು ಹತ್ತಿತು. ನೆಲಮಹಡಿಯ ಕಿಟಕಿ ದಾಟಿತು, ಮೊದಲನೇ ಮಹಡಿಯ ಕಂಬಿಗಳನ್ನು ಒಂದೊಂದಾಗಿ ಮುಟ್ಟಿತು, ಅಲ್ಲಿಂದ ಮೇಲಕ್ಕೆ ಹೋಗಿ ನೆಮ್ಮದಿಯಾಗಿ ಕೂತಿತು. ಜನ ಬೆಳಕು ನೋಡಲು ಗೋಡೆಗಳ ಕಡೆಗೆ ಸರಿದು, "ಓಹೋಹೋ" ಎಂದರು. ಹತ್ತು ದಿನದ ಭಯ ಆ ಒಂದು ಓಹೋದಲ್ಲಿ ಹೋಯಿತು. ಟೈಲರಮ್ಮ ಜೋರಾಗಿ ನಕ್ಕರು. ಓನರ್ರು ನನ್ನನ್ನು ತಬ್ಬಿಕೊಂಡರು. "ಸರ್ವೆ ಇಲ್ಲ! ಒಡೆಯೋದು ಬೇಡ! ನೀವು ಇಲ್ಲೇ ಇರಿ!"

ಬಾಳಿನಲ್ಲಿ ನಾನು ಸಾಧಿಸಿ ತೋರಿಸಿದ್ದು ಅದೊಂದೇ ಬಾರಿ. ಅದರ ಸುಖ ಸುಮಾರು ಐದು ಸೆಕೆಂಡು ಇತ್ತು.

"ಒಂದು," ಎಂದಿತು ಒಂದು ದನಿ.

ಇಂಜಿನಿಯರ್ ಜೇಬಿನಿಂದ ಪುಸ್ತಕ ತೆಗೆದಿದ್ದರು. ನಾನು ಎತ್ತಿ ಹಿಡಿದ ಬೆಳಕಿನಲ್ಲಿ ಬೀದಿಯ ಎರಡನೇ ಮಹಡಿಗಳೆಲ್ಲ ಅಂಗಡಿಯಲ್ಲಿಟ್ಟ ಸಾಮಾನಿನಂತೆ ಹೊಳೆಯುತ್ತಿದ್ದವು. "ಎರಡು. ಅದೇನು ಹಸಿರು? ಮೂರು. ಅಲ್ಲಿ ಮೆಟ್ಟಿಲಿಲ್ಲದೆ ಒಬ್ಬರು ನಿಂತಿದ್ದಾರಲ್ಲ, ನಾಲ್ಕು. ಆ ನೀರಿನ ಟ್ಯ... ಟ್ಯಾಂಕಿನಲ್ಲಿ ಪರದೆ ಯಾಕಿದೆ?"

ಪರದೆಯ ಪಕ್ಕದಲ್ಲಿ ನನ್ನಾಕೆ ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. "ನೀರಿಗೆ ನಾಚಿಕೆ ಸಾರ್," ಎಂದಳು.

"ಐದು," ಎಂದು ಅವರು ಬರೆದುಕೊಂಡರು.

"ಇಳಿಸ್ರೀ! ಇಳಿಸ್ರೀ!" ಎಂದು ಓನರ್ರು ಕಿರುಚಿದರು. ನಾನು ಬೆಳಕನ್ನು ಇಳಿಸಬೇಕಾದರೆ ಭಾವ ಇಳಿಯಬೇಕು. ಭಾವ ಇಳಿಯಲಿಲ್ಲ. "ಹತ್ತು ಅಂದ್ರೆ ಹತ್ತೋಕೆ, ಇಳಿ ಅಂದ್ರೆ ಇಳಿಯೋಕೆ ನಾನೇನು ನಮ್ಮ ಕಾರ್ಖಾನೆ ಪೆಟ್ಟಿಗೆ ಅಂದ್ಕೊಂಡ್ರಾ? ಇಷ್ಟು ಅವಮಾನ ಆದ ಮೇಲೆ ನಾನು ಇಲ್ಲೇ ಕೂರ್ತೀನಿ." ಬೇರೆ ದಾರಿ ಕಾಣದೆ ನಾನು ಸ್ವಿಚ್ ಒತ್ತಿದೆ. ಕತ್ತಲೆ.

"ಏಯ್, ದೀಪ ಹಾಕ್ರೀ! ಎಣಿಸ್ತಾ ಇದೀನಿ!" ಇಂಜಿನಿಯರ್ ಸಿಟ್ಟಿನಿಂದ ನನ್ನ ಕಡೆ ಬಂದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದು ಕೇಳಿಸಲಿಲ್ಲ. ಬದಲಿಗೆ ಧಡ್ ಎಂದಿತು, ಆಮೇಲೆ ಪಚಕ್.

ಆ ಗುಂಡಿಯ ವಿಷಯ ನಾನು ಇಷ್ಟು ಹೊತ್ತು ಹೇಳಲಿಲ್ಲವೆಂದು ಯಾರೂ ಕೋಪಿಸಿಕೊಳ್ಳಬಾರದು. ನಗರಸಭೆಯವರು ಪೈಪು ಹಾಕಲು ತೋಡಿ ಬಿಟ್ಟುಹೋಗಿ ಹನ್ನೊಂದು ತಿಂಗಳಾಗಿತ್ತು. ಇಷ್ಟು ಹೊತ್ತು ಗುಂಪು ಅದರ ಸುತ್ತಲೇ ನಿಂತಿತ್ತು, ಅಭ್ಯಾಸದಿಂದ. ನಮಗೆ ಅದು ಮನೆಯ ಸದಸ್ಯನ ಹಾಗೆ. ಇದೆ ಎಂದು ಯಾರೂ ಹೇಳುವುದಿಲ್ಲ, ಬಳಸಿಕೊಂಡು ಹೋಗುತ್ತೇವೆ.

"ದೀಪ ಹಾಕ್ರೀ!" ನೆಲದೊಳಗಿನಿಂದ ಕೂಗು.

"ಹಾಕಬೇಡ್ರೀ!" ಎಂದರು ಓನರ್ರು.

ನನ್ನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ಯಾವ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ತೆರೆದ ಟ್ರಂಕಿನಿಂದ ಬಂದಿರಬೇಕು. ನಾನು ವಿನಯದಿಂದ ಕೇಳಿದೆ: "ಸಾರ್, ಹಾಕ್ತೀನಿ. ಮೇಲೆ ಹಾಕ್ಲೋ, ಕೆಳಗೆ ಹಾಕ್ಲೋ?"

"ಕೆಳಗೆ! ಕೆಳಗೆ! ಮೊಣಕಾಲು ತನಕ ಕೆಸರಿದೆ ಇಲ್ಲಿ!"

"ಕೆಳಗೆ ಹಾಕಿದ್ರೆ ಗುಂಡಿ ಕಾಣುತ್ತೆ ಸಾರ್. ಜನ ಇದ್ದಾರೆ."

ಆಗ ಅರ್ಜಿ ಮೇಷ್ಟ್ರು ಮೇಲಿನಿಂದ ಗುಡುಗಿದರು. ಅವರ ದನಿಯಲ್ಲಿ ಮೂವತ್ತು ವರ್ಷದ ಪಾಠ ಇತ್ತು. "ಕಾಣಲಿ! ಆ ಗುಂಡಿ ಮುಚ್ಚಿ ಡಾಂಬರು ಹಾಕಿ ಆಗಿದೆ ಅಂತ ನಿಮ್ಮ ಕಚೇರಿಯ ಉತ್ತರ ನನ್ನ ಹತ್ತಿರ ಇದೆ. ನಿಮ್ಮದೇ ಸಹಿ! ಈಗ್ಲೇ ಬುಟ್ಟೀಲಿ ಇಳಿಸ್ತೀನಿ, ಓದ್ಕೊಳ್ಳಿ!"

ಗುಂಡಿಯೊಳಗೆ ಕಪ್ಪೆಯೊಂದು ಏನೋ ಅಂದಿತು. ಆಮೇಲೆ ಇಂಜಿನಿಯರ್ ತಗ್ಗಿದ ದನಿಯಲ್ಲಿ ಕೇಳಿದರು: "ಪುಸ್ತಕ ನೆನೆದುಹೋಗಿದೆ. ಅಕ್ಷರ ಕಾಣ್ತಿಲ್ಲ. ನಾನು ಎಷ್ಟು ಎಣಿಸಿದ್ದೆ?"

"ಇನ್ನೂ ಶುರುವೇ ಮಾಡಿರಲಿಲ್ಲ ಸಾರ್," ಎಂದೆ.

"ಹೌದಾ. ಹಾಗಾದ್ರೆ ದೀಪ ಬೇಡ. ಕೈ ಕೊಡಿ."

ಮೊದಲು ಕೈ ಕೊಟ್ಟವರು ಓನರ್ರು. ಆಮೇಲೆ ಟೈಲರಮ್ಮ. ಕತ್ತಲಲ್ಲೇ ಬೀದಿಗೆ ಬೀದಿ ಸೇರಿ ಅವರನ್ನು ಎಳೆದು ನಿಲ್ಲಿಸಿತು, ಒಂದು ಬೂಟು ಬಿಟ್ಟು. ಅದನ್ನು ಹುಡುಕಲು ಬೆಳಕು ಬೇಕೇ ಎಂದು ಕೇಳಿದಾಗ ಅವರು, "ಅದು ನಂದಲ್ಲ" ಎಂದು ಹೇಳಿ, ಗೋಡೆ ಹಿಡಿದುಕೊಂಡು ನಡೆದುಹೋದರು.

ಓನರ್ರು ಒಡೆಯುವವರಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡಿ ಎಂದರು. ನನಗೆ ಹೇಳಿದರು: "ನೀವು ಎಷ್ಟು ವರ್ಷ ಬೇಕಾದ್ರೂ ಇರಿ. ನಿಮ್ಮ ಭಾವನೋರು ಮಾತ್ರ ನಾಳೆಯಿಂದ ಬಸ್ಸಲ್ಲಿ ಬರ್ಲಿ."

ಎರಡು ವಾರದ ಮೇಲೆ ಅರ್ಜಿಗೆ ಲಿಖಿತ ಉತ್ತರ ಬಂತು. ಮೇಷ್ಟ್ರು ಅದರ ಪ್ರತಿಗಳನ್ನು ಬುಟ್ಟಿಯಲ್ಲಿ ಇಳಿಸಿ ಎಲ್ಲ ಮನೆಗೂ ಹಂಚಿಸಿದರು. ನನ್ನಾಕೆ ಕಿಟಕಿಯ ಬಳಿ ನಿಂತು, ಕನ್ನಡಕ ಏರಿಸಿಕೊಂಡು, ಗಟ್ಟಿಯಾಗಿ ಓದಿದಳು: "ಖುದ್ದು ಸ್ಥಳ ಪರಿಶೀಲನೆ ನಡೆಸಲಾಗಿದೆ. ಸದರಿ ಬೀದಿಯಲ್ಲಿ ಯಾವುದೇ ಸರ್ವೆ ಇಲ್ಲ, ಯಾವುದೇ ಗುಂಡಿ ಇಲ್ಲ, ಯಾವುದೇ ಎರಡನೇ ಮಹಡಿಯೂ ಇರುವುದಿಲ್ಲ." ಓದಿ, ಕಾಗದ ಮಡಚಿ, ನನ್ನ ಕಡೆ ನೋಡಿದಳು.

"ಹಾಗಾದ್ರೆ ನಾವು ಎಲ್ಲಿದೀವ್ರೀ?"

"ಮನೇಲಿ," ಎಂದೆ.